ಇಲಿಗೆ ಬಾರದ ಇಲಿ ಜ್ವರ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ರೈತರು, ಶಿಕ್ಷಕರು ಮತ್ತು ಪಿಯುಸಿ ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಮೇಜಿನ ಮೇಲೆ ಒಂದು ಗಾಜಿನ ಲೋಟ ಇಡುತ್ತಿದ್ದೇನೆ. ಒಳಗೆ ಇರುವುದು ಬರೀ ನೀರು. ಮುಂದಿನ ಸಾಲಿನಲ್ಲಿ ಕೂತಿರುವ ಅಣ್ಣ ಬೆಳಿಗ್ಗೆ ತಮ್ಮ ಗದ್ದೆಯಿಂದ ಒಂದು ಶುಂಠಿ ಗಿಡ ಕಿತ್ತು ತಂದಿದ್ದಾರೆ. ಎಲೆ ಸುರುಳಿ ಸುತ್ತಿಕೊಂಡು ಬಾಡಿದೆ. ಅದರ ದಂಟನ್ನು ಬುಡದ ಹತ್ತಿರ ಬ್ಲೇಡಿನಿಂದ ಕೊಯ್ದು, ಕೊಯ್ದ ತುದಿ ನೀರಿಗೆ ತಾಗುವ ಹಾಗೆ ನಿಲ್ಲಿಸುತ್ತೇನೆ. ಮೇಜು ಅಲುಗಿಸಬೇಡಿ. ಸ್ವಲ್ಪ ಹೊತ್ತು ಅದರ ಪಾಡಿಗೆ ಅದು ಇರಲಿ.

ಅಷ್ಟರಲ್ಲಿ ಗದ್ದೆಯ ಇನ್ನೊಂದು ವಿಷಯ ಹೇಳುತ್ತೇನೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ನಾಟಿಗೆ ಇಳಿದವರಿಗೆ ಇದು ಗೊತ್ತು. ಮೊಣಕಾಲಿನ ತನಕ ಕೆಸರು. ಬೆಳಿಗ್ಗೆ ಇಳಿದರೆ ಊಟದ ಹೊತ್ತಿಗೇ ಬದು ಹತ್ತುವುದು. ಕಾಲಿನ ಚರ್ಮ ನೆನೆದು ಬೆಳ್ಳಗೆ ಸುಕ್ಕಾಗಿರುತ್ತದೆ. ಬೆರಳ ಸಂದಿಯಲ್ಲಿ ಒಡಕು. ಜಿಗಣೆ ಕಚ್ಚಿದ ಕಡೆ ರಕ್ತ ಒಸರುತ್ತಲೇ ಇರುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಾಟಿ ಮುಗಿದು ಹತ್ತು ದಿನಕ್ಕೆ ನಮ್ಮ ಚಿಕ್ಕಪ್ಪನಿಗೆ ಜ್ವರ ಬಂತು. ತಲೆ ಸಿಡಿಯುವ ನೋವು. ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಕಣ್ಣು ಕೆಂಪು. ಮಳೆಯಲ್ಲಿ ನೆನೆದಿದ್ದಕ್ಕೆ ಬಂದ ಜ್ವರ ಎಂದು ಒಬ್ಬರು ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಗದ್ದೆಗೆ ಇಳಿದಿದ್ದಿರಾ ಅಂತ ಅವರು ಒಂದು ಮಾತು ಕೇಳಲಿಲ್ಲ. ಐದನೇ ದಿನ ಕಣ್ಣು ಹಳದಿಯಾಯಿತು, ಮೂತ್ರ ಕಡಿಮೆಯಾಯಿತು. ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಇಲಿ ಜ್ವರ ಅಂತ ಗೊತ್ತಾಯಿತು. ಚಿಕ್ಕಪ್ಪ ಉಳಿದರು. ಆದರೆ ಆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಗ ನಾನು ನಮ್ಮ ಅವ್ವನನ್ನು ಕೇಳಿದ್ದೆ. ಇಲಿ ಜ್ವರ ಅಂದರೆ ಇಲಿಗೂ ಜ್ವರ ಬರುತ್ತಾ? ಅವ್ವನ ಹತ್ತಿರ ಉತ್ತರ ಇರಲಿಲ್ಲ. ನಾನು ಸೂಕ್ಷ್ಮಜೀವಿಗಳ ಪಾಠ ಓದುವುದಕ್ಕೆ ಹೋದದ್ದಕ್ಕೆ ಒಂದು ಕಾರಣ ಆ ಪ್ರಶ್ನೆ.

ಇಲಿಗೆ ಜ್ವರ ಬರುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದೆಲ್ಲ ಇದರ ಸುತ್ತಲೇ ಇದೆ. ಅದೇ ಬ್ಯಾಕ್ಟೀರಿಯಾ. ಇಲಿಯ ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ನಮ್ಮ ಮೈಗೆ ಬಂದರೆ ಪ್ರಾಣಕ್ಕೇ ಕುತ್ತು. ಹಾಗಾದರೆ ರೋಗ ಇರುವುದು ಎಲ್ಲಿ? ಬ್ಯಾಕ್ಟೀರಿಯಾದ ಒಳಗೇ ಇದ್ದಿದ್ದರೆ ಇಲಿಯೂ ಸಾಯಬೇಕಿತ್ತಲ್ವಾ?

ಈ ಬ್ಯಾಕ್ಟೀರಿಯಾದ ಹೆಸರು ಲೆಪ್ಟೊಸ್ಪೈರಾ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲಿ ಈ ರೋಗದ ಲಕ್ಷಣಗಳನ್ನು ಬರೆದಿಟ್ಟರು. ರೋಗಕ್ಕೆ ಕಾರಣವಾದ ಜೀವಿಯನ್ನು 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಇಡೊ ಕಂಡುಹಿಡಿದರು. ಬಹಳ ತೆಳು ಜೀವಿ ಇದು, ಬಿಗಿಯಾದ ಸುರುಳಿಯ ಹಾಗಿದೆ. ತುದಿ ಕೊಕ್ಕೆಯಂತೆ ಬಾಗಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಥರ ಕಾಣುತ್ತದೆ. ಇದರ ಒಂದು ಜಾತಿಗೆ ಇಂಟೆರೊಗ್ಯಾನ್ಸ್ ಅಂತ ಹೆಸರು ಬಂದದ್ದು ಅದಕ್ಕೇ. ತಿರುಪಿನ ಹಾಗೆ ತಿರುಗುತ್ತಾ ಮುಂದೆ ಹೋಗುತ್ತದೆ. ಒಡೆದ ಚರ್ಮ, ನೆನೆದು ಮೆದುವಾದ ಚರ್ಮ, ಕಣ್ಣು, ಬಾಯಿ, ಇಷ್ಟು ಸಾಕು ಅದಕ್ಕೆ.

ಒಳಗೆ ಬಂದ ಮೇಲಿನ ಸಂಗತಿ ಇನ್ನೂ ಸ್ವಾರಸ್ಯ. ನಮ್ಮ ಜೀವಕೋಶಗಳ ಮೇಲೆ ಕಾವಲಿನ ಅಣುಗಳಿವೆ. ಅದರಲ್ಲಿ ಒಂದರ ಹೆಸರು ಟಿಎಲ್‌ಆರ್-4. ಎಷ್ಟೋ ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿ ಕೊಬ್ಬು ಸಕ್ಕರೆ ಸೇರಿದ ಒಂದು ವಸ್ತು ಇರುತ್ತದೆ. ಟಿಎಲ್‌ಆರ್-4 ಅದನ್ನು ಮುಟ್ಟಿದ ಕೂಡಲೇ ಗುರುತು ಹಿಡಿದು ಎಲ್ಲರನ್ನೂ ಎಬ್ಬಿಸುತ್ತದೆ. ಲೆಪ್ಟೊಸ್ಪೈರಾದ ಹೊರಮೈಯಲ್ಲೂ ಆ ವಸ್ತು ಇದೆ. ಆದರೆ ಅದರ ಆಕಾರ ಸ್ವಲ್ಪ ಬೇರೆ. ಸುಂಡಿಲಿಯ ಟಿಎಲ್‌ಆರ್-4 ಅದನ್ನು ಗುರುತು ಹಿಡಿಯುತ್ತದೆ. ಮನುಷ್ಯನದ್ದು ಹಿಡಿಯುವುದಿಲ್ಲ. ರಾತ್ರಿ ಬಂದವನನ್ನು ನೋಡಿ ಒಂದು ಮನೆಯ ನಾಯಿ ಬೊಗಳಿತು, ಇನ್ನೊಂದು ಮನೆಯ ನಾಯಿ ಮಲಗೇ ಇತ್ತು ಅಂದುಕೊಳ್ಳಿ. ವ್ಯತ್ಯಾಸಕ್ಕೆ ಇದೊಂದೇ ಕಾರಣ ಅಲ್ಲ. ಆದರೆ ದೊಡ್ಡ ಕಾರಣಗಳಲ್ಲಿ ಒಂದು.

ಕಾವಲು ಎಚ್ಚರಾಗುವ ಹೊತ್ತಿಗೆ ಲೆಪ್ಟೊಸ್ಪೈರಾ ರಕ್ತದಲ್ಲಿ ತುಂಬಿಕೊಂಡಿರುತ್ತದೆ. ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಸಡಿಲವಾಗುತ್ತದೆ, ರಕ್ತ ಒಸರುತ್ತದೆ. ಯಕೃತ್ತಿನ ಜೀವಕೋಶಗಳ ನಡುವಿನ ಬೆಸುಗೆಯೂ ಬಿಡುತ್ತದೆ. ಪಿತ್ತ ಸೋರಿ ರಕ್ತಕ್ಕೆ ಸೇರುತ್ತದೆ ಎನ್ನುವುದನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳಲ್ಲಿ ನೋಡಿದ್ದಾರೆ. ಚಿಕ್ಕಪ್ಪನ ಹಳದಿ ಕಣ್ಣು ನೆನಪಾದಾಗಲೆಲ್ಲ ನನಗೆ ಆ ಬಿಟ್ಟುಹೋದ ಬೆಸುಗೆಗಳೇ ಕಣ್ಣಮುಂದೆ ಬರುತ್ತವೆ.

ಇಲಿಯ ಮೈಯಲ್ಲಾದರೆ ಅದು ಮೂತ್ರಪಿಂಡದ ಸಣ್ಣ ನಳಿಕೆಗಳ ಒಳಗೋಡೆಗೆ ಅಂಟಿಕೊಂಡು ಪದರವಾಗಿ ಕೂರುತ್ತದೆ. ಇಲಿ ಓಡಾಡಿಕೊಂಡು, ಭತ್ತ ತಿಂದುಕೊಂಡು, ಮರಿ ಹಾಕಿಕೊಂಡು ಇರುತ್ತದೆ. ಮೂತ್ರದ ಜೊತೆ ಬ್ಯಾಕ್ಟೀರಿಯಾ ಗದ್ದೆಗೆ ಇಳಿಯುತ್ತಲೇ ಇರುತ್ತದೆ.

ಗದ್ದೆಯ ನೀರಿನಲ್ಲೂ ಅದು ಒಂಟಿಯಲ್ಲ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಬ್ಯಾಕ್ಟೀರಿಯಾಗಳು ಒಟ್ಟಾಗಿ ಲೋಳೆಯ ಪದರ ಕಟ್ಟಿಕೊಂಡು ಬದುಕುತ್ತವೆ. ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಪಾಚಿಯಲ್ಲಿ ಇಂಥವೂ ಸೇರಿಕೊಂಡಿರುತ್ತವೆ. ಲೆಪ್ಟೊಸ್ಪೈರಾ ಅಜೊಸ್ಪಿರಿಲಮ್ ಜೊತೆ ಸೇರಿ ಇಂಥ ಪದರ ಕಟ್ಟುವುದನ್ನು ಅಂಡಮಾನಿನ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅಜೊಸ್ಪಿರಿಲಮ್ ಗೊತ್ತಲ್ವಾ? ಭತ್ತಕ್ಕೆ ಜೈವಿಕ ಗೊಬ್ಬರ ಅಂತ ಪ್ಯಾಕೆಟ್ಟಿನಲ್ಲಿ ತರುತ್ತೀರಲ್ಲ, ಅದೇ. ಇದನ್ನು ಕೇಳಿ ಆ ಗೊಬ್ಬರ ಬಿಡಬೇಡಿ. ಅದು ಒಳ್ಳೆಯದೇ, ಮೊದಲಿನಿಂದಲೂ ಮಣ್ಣಿನಲ್ಲಿ ಇರುವ ಜೀವಿ. ಪೈರಿಗೆ ನೆರವಾಗುವ ಜೀವಿ ಇನ್ನೊಂದು ಜೀವಿಗೂ ಆಸರೆಯಾಗಬಹುದು ಅನ್ನುವುದನ್ನು ತೋರಿಸಲು ಹೇಳಿದೆ.

ಈಗ ಲೋಟ ನೋಡಿ. ಹಿಂದೆ ಕೂತ ಮಕ್ಕಳು ಹತ್ತಿರ ಬನ್ನಿ. ದಂಟಿನ ತುದಿಯಿಂದ ಬಿಳಿ ನೂಲಿನ ಥರ ಏನೋ ಕೆಳಗೆ ಇಳಿಯುತ್ತಿದೆ. ಹಾಲಿನ ಎಳೆ ಇದ್ದ ಹಾಗೆ. ಅದು ಗಿಡದ ಹಾಲಲ್ಲ. ಅದು ಬ್ಯಾಕ್ಟೀರಿಯಾ. ಆ ಒಂದು ಎಳೆಯಲ್ಲಿ ಕೋಟಿಗಟ್ಟಲೆ ಇವೆ.

ಇದು ಶುಂಠಿಯ ದುಂಡಾಣು ಸೊರಗು ರೋಗ. ದುಂಡಾಣು ಅಂದರೆ ಬ್ಯಾಕ್ಟೀರಿಯಾ. ಜೀವಿಯ ಹೆಸರು ರಾಲ್‌ಸ್ಟೋನಿಯಾ. ಅಮೆರಿಕದ ಎರ್ವಿನ್ ಸ್ಮಿತ್ 1896ರಲ್ಲೇ ಇದನ್ನು ಟೊಮೆಟೊ, ಆಲೂಗಡ್ಡೆ ಗಿಡಗಳಲ್ಲಿ ಗುರುತಿಸಿದ್ದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಿಥಿಯಮ್ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಮೆದು ಕೊಳೆ ರೋಗದಲ್ಲಿ ಈ ಬಿಳಿ ಎಳೆ ಬರುವುದಿಲ್ಲ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ದುಂಡಾಣು ರೋಗಕ್ಕೆ ಶಿಲೀಂಧ್ರದ ಔಷಧಿ ಸುರಿದು ಸಾಲ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಒಂದು ಬ್ಲೇಡು, ಒಂದು ಲೋಟ ನೀರು. ದಯವಿಟ್ಟು ಮೊದಲು ಇಷ್ಟು ಮಾಡಿ ನೋಡಿ.

ರಾಲ್‌ಸ್ಟೋನಿಯಾ ಬೇರಿನ ಗಾಯದಿಂದ ಒಳಗೆ ಹೋಗುತ್ತದೆ. ಕಳೆ ಕೀಳುವಾಗ ಆದ ಗಾಯ ಇರಬಹುದು, ಜಂತುಹುಳು ಕಚ್ಚಿದ ಗಾಯ ಇರಬಹುದು, ಹೊಸ ಬೇರು ಒಡೆಯುವ ಜಾಗ ಇರಬಹುದು. ಒಳಗೆ ಹೋಗಿ ನೀರು ಏರುವ ನಾಳ ಸೇರುತ್ತದೆ. ಅಲ್ಲಿ ಅದು ಮಾಡುವ ಕೆಲಸ ನನಗೆ ಇವತ್ತಿಗೂ ಬೆರಗು. ಸಂಖ್ಯೆ ಕಡಿಮೆ ಇದ್ದಾಗ ಲೋಳೆ ಮಾಡುವುದಿಲ್ಲ. ಈಜುತ್ತದೆ, ಹರಡುತ್ತದೆ, ಸಂಖ್ಯೆ ಬೆಳೆಸುತ್ತದೆ. ಜೊತೆಗೆ ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತಾ ಇರುತ್ತದೆ. ಸುತ್ತ ಆ ರಾಸಾಯನಿಕ ಜಾಸ್ತಿಯಾದರೆ ಅದರ ಅರ್ಥ ತಮ್ಮವರು ಜಾಸ್ತಿಯಾದರು ಅಂತ. ಆಗ ಎಲ್ಲವೂ ಒಟ್ಟಿಗೆ ಲೋಳೆ ಮಾಡಲು ಶುರು ಮಾಡುತ್ತವೆ. ನಾಳ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಬಾಡುತ್ತದೆ. ಅಣ್ಣ ತಂದ ಗಿಡವೂ ಹಸಿ ಮಣ್ಣಿನಲ್ಲೇ ನಿಂತಿತ್ತು.

ಎಣಿಸಿಕೊಂಡು ಕೆಲಸಕ್ಕೆ ಇಳಿಯುವ ಈ ಬುದ್ಧಿ ಮೊದಲು ತಿಳಿದದ್ದು ಕಡಲಿನ ಒಂದು ಬ್ಯಾಕ್ಟೀರಿಯಾದಿಂದ. ಹವಾಯಿಯ ಒಂದು ಪುಟ್ಟ ಸ್ಕ್ವಿಡ್ಡಿನ ಮೈಯೊಳಗೆ ಅದು ಒತ್ತೊತ್ತಾಗಿ ಬೆಳೆದಾಗ ಮಾತ್ರ ಬೆಳಕು ಬೀರುತ್ತದೆ. ಅಮೆರಿಕದ ವಿಜ್ಞಾನಿ ಬಾನಿ ಬಾಸ್ಲರ್ ಇಂಥ ಮಾತುಕತೆಯನ್ನು ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಒಂದು ಜಾತಿ ತನ್ನವರ ಜೊತೆ ಮಾತ್ರ ಅಲ್ಲ, ಬೇರೆ ಜಾತಿಗಳ ಜೊತೆಗೂ ಸುದ್ದಿ ಹಂಚಿಕೊಳ್ಳುತ್ತದೆ ಎಂದು ತೋರಿಸಿದವರಲ್ಲಿ ಅವರು ಮುಖ್ಯರು.

ರಾಲ್‌ಸ್ಟೋನಿಯಾದ ಹತ್ತಿರ ಇನ್ನೊಂದು ಉಪಕರಣ ಇದೆ. ಸೂಜಿ. ನಿಜವಾಗಿಯೂ ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಾದ, ಕೆಲವು ಬಗೆಯ ಪ್ರೊಟೀನುಗಳಿಂದ ಕಟ್ಟಿದ ಸೂಜಿ. ಅದನ್ನು ಗಿಡದ ಜೀವಕೋಶಕ್ಕೆ ಚುಚ್ಚಿ ತನ್ನ ಪ್ರೊಟೀನುಗಳನ್ನು ಒಳಗೆ ತಳ್ಳುತ್ತದೆ. ಅವು ಒಳಗೆ ಹೋಗಿ ಗಿಡದ ರಕ್ಷಣೆಯನ್ನು ಮಂಕು ಮಾಡುತ್ತವೆ. ಇದೇ ಮಾದರಿಯ ಸೂಜಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದ ಮೈಮೇಲೂ ಇದೆ. 1998ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಇಡೀ ರೂಪ ಮೊದಲ ಸಲ ಕಂಡಿತು. ಶುಂಠಿಯ ಬೇರಿಗೂ ನಮ್ಮ ಕರುಳಿಗೂ ಒಂದೇ ಉಪಾಯ!

ಸಾಲ್ಮೊನೆಲ್ಲಾ ಸರಿಯಾಗಿ ಬೇಯದ ಮೊಟ್ಟೆ, ಕೋಳಿ, ಕೊಳಕು ನೀರಿನಿಂದ ಬರುತ್ತದೆ. ಟೈಫಾಯಿಡ್ ತರುವುದು ಇದರದ್ದೇ ಒಂದು ಬಗೆ. ಕರುಳಿನ ಗೋಡೆಯ ಜೀವಕೋಶಗಳು ಬ್ಯಾಕ್ಟೀರಿಯಾ ನುಂಗುವ ಕೆಲಸದವಲ್ಲ. ಸಾಲ್ಮೊನೆಲ್ಲಾ ಅವುಗಳಿಂದ ತನ್ನನ್ನು ನುಂಗಿಸಿಕೊಳ್ಳುತ್ತದೆ. ಸೂಜಿಯಿಂದ ಒಳಗೆ ಹೋದ ಪ್ರೊಟೀನು ಜೀವಕೋಶದ ಒಳಗಿನ ಹಂದರವನ್ನು ಅಲ್ಲಾಡಿಸುತ್ತದೆ. ಹೊರಪೊರೆ ಅಲೆಯ ಹಾಗೆ ಎದ್ದು ಬ್ಯಾಕ್ಟೀರಿಯಾವನ್ನು ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ಅದೇ ಸೂಜಿಯಿಂದ ಹೋದ ಇನ್ನೊಂದು ಪ್ರೊಟೀನು ಆ ಅಲೆಯನ್ನು ತಣ್ಣಗೆ ಮಾಡಿ ಪೊರೆಯನ್ನು ಮೊದಲಿನ ಹಾಗೆ ಮಾಡುತ್ತದೆ. ಒಳಗೆ ಬಂದ ಮೇಲೆ ಬಾಗಿಲು ಎಳೆದುಕೊಂಡ ಹಾಗೆ. ಜೀವಕೋಶ ಸತ್ತರೆ ಅದಕ್ಕೂ ನೆಲೆ ಇರುವುದಿಲ್ಲ. ಆಮೇಲೆ ಒಂದು ಸಣ್ಣ ಕೋಣೆಯೊಳಗೆ ಕೂತು ಬೆಳೆಯುತ್ತದೆ.

ಆದರೆ ಕರುಳಿನ ಗೋಡೆ ತಲುಪುವ ಮೊದಲು ಅದು ನೆರೆಹೊರೆ ದಾಟಬೇಕು. ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ಬಹಳಷ್ಟು ಆಮ್ಲಜನಕ ಬೇಡದವು. ಅವು ಜಾಗ ಹಿಡಿದಿವೆ, ಆಹಾರ ಹಂಚಿಕೊಂಡಿವೆ. ಹೊಸಬನಿಗೆ ಕಾಲಿಡಲು ಜಾಗ ಇಲ್ಲ. 1954ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಸುಂಡಿಲಿಗಳಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿಸಲು ಸುಮಾರು 1 ಲಕ್ಷ ಬ್ಯಾಕ್ಟೀರಿಯಾ ಬೇಕಾಗುತ್ತಿತ್ತು. ಮೊದಲು ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧಿ ಕೊಟ್ಟ ಸುಂಡಿಲಿಗಳಿಗೆ 10ಕ್ಕಿಂತ ಕಡಿಮೆ ಸಾಕಾಯಿತು! ಔಷಧಿ ಸುಂಡಿಲಿಯ ಶಕ್ತಿ ಕಸಿದುಕೊಂಡದ್ದಲ್ಲ. ಅದರ ಹೊಟ್ಟೆಯ ನೆರೆಹೊರೆಯನ್ನು ಖಾಲಿ ಮಾಡಿತು.

ಔಷಧಿ ಇಲ್ಲದಿದ್ದರೂ ಸಾಲ್ಮೊನೆಲ್ಲಾ ಆ ನೆರೆಹೊರೆಯನ್ನು ಸೋಲಿಸಬಲ್ಲದು. ಹೇಗೆ ಗೊತ್ತಾ? ನಮ್ಮ ಸಿಟ್ಟನ್ನೇ ಬಳಸಿಕೊಂಡು. ಇದು 2010ರಲ್ಲಿ ತಿಳಿದ ಸಂಗತಿ. ಕರುಳಿನ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ವಿಷ. ಕರುಳಿನ ಜೀವಕೋಶಗಳು ಅದನ್ನು ಥಯೊಸಲ್ಫೇಟ್ ಆಗಿ ಬದಲಿಸಿ ಸುಮ್ನಾಗಿಸುತ್ತವೆ. ಸಾಲ್ಮೊನೆಲ್ಲಾ ಬಂದಾಗ ಬಿಳಿ ರಕ್ತಕಣಗಳು ನುಗ್ಗಿ ಬಂದು ಸುಡುವಂಥ ಆಮ್ಲಜನಕದ ಅಣುಗಳನ್ನು ಎರಚುತ್ತವೆ. ಆ ಅಣುಗಳು ಥಯೊಸಲ್ಫೇಟ್ ಅನ್ನು ಟೆಟ್ರಾಥಯೊನೇಟ್ ಮಾಡುತ್ತವೆ. ನಾವು ಆಮ್ಲಜನಕ ಬಳಸುವ ಹಾಗೆ ಸಾಲ್ಮೊನೆಲ್ಲಾ ಟೆಟ್ರಾಥಯೊನೇಟ್ ಬಳಸಿ ಉಸಿರಾಡಬಲ್ಲದು. ಕರುಳಿನ ಬೇರೆ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಅದು ಬಾರದು. ನಾವು ಹಚ್ಚಿದ ಬೆಂಕಿಯಲ್ಲಿ ಅದು ಚಳಿ ಕಾಯಿಸಿಕೊಳ್ಳುತ್ತದೆ. ನಮಗೆ ಭೇದಿ, ಹೊಟ್ಟೆನೋವು. ಅದಕ್ಕೆ ಸುಗ್ಗಿ.

ಕಬ್ಬಿಣದ ವಿಷಯವನ್ನೂ ಹೇಳಬೇಕು, ಯಾಕೆಂದರೆ ನೀವು ಅದನ್ನು ತೋಟದಲ್ಲಿ ಈಗಾಗಲೇ ಬಳಸುತ್ತಿದ್ದೀರಿ. ಮೆಣಸಿನ ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹಾಕುತ್ತೀರಲ್ಲ? ಆ ಸ್ಯೂಡೊಮೊನಾಸ್ ಕಬ್ಬಿಣ ಹಿಡಿಯುವ ಒಂದು ಅಣುವನ್ನು ಮಣ್ಣಿಗೆ ಬಿಡುತ್ತದೆ. ಹಳದಿ ಹಸಿರು ಬಣ್ಣದ್ದು. ಸುತ್ತಲಿನ ಕಬ್ಬಿಣ ಬಾಚಿಕೊಂಡರೆ ಪಕ್ಕದ ರೋಗಕಾರಕ ಹಸಿದು ಸೊರಗುತ್ತದೆ. ನಮ್ಮ ಮೈಯೂ ಇದನ್ನೇ ಮಾಡುತ್ತದೆ. ಸೋಂಕು ಬಂದಾಗ ರಕ್ತದಲ್ಲಿನ ಕಬ್ಬಿಣವನ್ನು ಅಡಗಿಸಿಡುತ್ತದೆ. ಬ್ಯಾಕ್ಟೀರಿಯಾ ಕಬ್ಬಿಣ ತರಲು ಕಳಿಸಿದ ಅಣುವನ್ನೇ ದಾರಿಯಲ್ಲಿ ಹಿಡಿಯುವ ಪ್ರೊಟೀನು ಕೂಡ ನಮ್ಮಲ್ಲಿದೆ. ಸಾಲ್ಮೊನೆಲ್ಲಾ ಏನು ಮಾಡುತ್ತದೆ ಅಂದರೆ ಆ ಅಣುವಿಗೆ ಸಕ್ಕರೆ ಅಂಟಿಸಿ ಕಳಿಸುತ್ತದೆ. ನಮ್ಮ ಪ್ರೊಟೀನಿನ ಹಿಡಿತಕ್ಕೆ ಅದು ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿಜೀವಕ (ಆಂಟಿಬಯಾಟಿಕ್) ಔಷಧಿಗಳ ಬಗ್ಗೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಶೀತಕ್ಕೆ, ಮೈಕೈ ನೋವಿಗೆ ಎರಡು ಮಾತ್ರೆ ಕೇಳಿ ತಂದು ನುಂಗುವುದು ನಮ್ಮಲ್ಲಿ ರೂಢಿಯಾಗಿದೆ. ಆ ಎರಡು ಮಾತ್ರೆ ಖಾಲಿ ಜಾಗ ಮಾಡುತ್ತದೆ. ಆ ಜಾಗಕ್ಕೆ ಯಾರು ಬರುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಪ್ರತಿಜೀವಕ ತೆಗೆದುಕೊಂಡ ಮೇಲೆ ಬಿಡದೆ ಕಾಡುವ ಭೇದಿ ತರುತ್ತದೆ. ಅದನ್ನು ಕೊಲ್ಲಲು ಇನ್ನೂ ಪ್ರತಿಜೀವಕ ಕೊಟ್ಟರೆ ಕೆಲವರಿಗೆ ಮತ್ತೆ ಮತ್ತೆ ಬರುತ್ತದೆ. ನೆದರ್‌ಲ್ಯಾಂಡ್ಸಿನ ವೈದ್ಯರು ಆರೋಗ್ಯವಂತರ ಮಲವನ್ನು ನೀರಿನಲ್ಲಿ ಕದಡಿ, ಸೋಸಿ, ನಳಿಕೆಯಿಂದ ರೋಗಿಯ ಕರುಳಿಗೆ ಬಿಟ್ಟರು. 2013ರಲ್ಲಿ ಬಂದ ವರದಿಯಲ್ಲಿ 16 ಜನರಲ್ಲಿ 13 ಜನ ಮೊದಲ ಸಲಕ್ಕೇ ಗುಣವಾಗಿದ್ದರು. ಮಕ್ಕಳೇ, ಮೂಗು ಮುಚ್ಚಿಕೊಳ್ಳಬೇಡಿ. ಅವರು ಕೊಟ್ಟದ್ದು ಒಂದು ನೆರೆಹೊರೆಯನ್ನು.

ಹಾಗಂತ ಔಷಧಿಯೇ ಬೇಡ ಅಂತ ಅಲ್ಲ. ಇಲಿ ಜ್ವರಕ್ಕೆ ಬೇಗ ಔಷಧಿ ಸಿಕ್ಕರೆ ಜೀವ ಉಳಿಯುತ್ತದೆ. ಸರಿಯಾದದ್ದು ಬೇಕು, ಅಷ್ಟೇ. ಸ್ಕ್ರಬ್ ಟೈಫಸ್ ಜ್ವರದ ಬ್ಯಾಕ್ಟೀರಿಯಾ ನೋಡಿ. ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದರೆ ಬರುತ್ತದೆ. ಅದು ಜೀವಕೋಶದ ಒಳಗಷ್ಟೇ ಬದುಕುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ ಎಷ್ಟು ಕೊಟ್ಟರೂ ಕೆಲಸಕ್ಕೆ ಬಾರದು. ಜೀವಕೋಶದೊಳಗೆ ಹೋಗಿ ಕೆಲಸ ಮಾಡುವ ಡಾಕ್ಸಿಸೈಕ್ಲಿನ್ ಬೇಕು. ಬ್ಯಾಕ್ಟೀರಿಯಾ ಎಲ್ಲಿ ವಾಸ ಇದೆ ಅಂತ ತಿಳಿಯದೆ ಔಷಧಿ ಕೊಡಲು ಆಗುವುದಿಲ್ಲ. ಅದಕ್ಕೇ ಜ್ವರ ಬಂದಾಗ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಗದ್ದೆಗೆ ಇಳಿದಿದ್ದೆ, ತೋಟದಲ್ಲಿ ಕಾಡು ಸವರಿದ್ದೆ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇಲಿ ಜಾಸ್ತಿ ಇದೆ. ಮೈಮೇಲೆ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇದ್ದರೆ ತೋರಿಸಿ. ನಾಚಿಕೆ ಬೇಡ. ಅದು ಬಟ್ಟೆ ಮುಚ್ಚುವ ಜಾಗದಲ್ಲೇ ಇರುವುದು ಜಾಸ್ತಿ.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಅಕ್ಕ ಕೇಳಿದರು, ಜಿಗಣೆಯಿಂದ ಇಲಿ ಜ್ವರ ಬರುತ್ತಾ ಅಂತ. ಜ್ವರ ಕೊಡುವುದು ಇಲಿಯ ಮೂತ್ರ ಬೆರೆತ ನೀರು. ಜಿಗಣೆ ಕಚ್ಚಿದ ಗಾಯ ಆ ನೀರಿಗೆ ಒಂದು ಬಾಗಿಲು. ಗಾಯ ತೊಳೆದು ಮುಚ್ಚಿಕೊಂಡು ಇಳಿಯಿರಿ, ಸಾಧ್ಯವಾದರೆ ಗಂಬೂಟು ಹಾಕಿ ಎಂದೆ. ಕೆಸರಿನಲ್ಲಿ ಬೂಟು ಹೂತುಹೋಗುತ್ತದೆ, ನಾಟಿ ಸಾಗುವುದಿಲ್ಲ ಎಂದರು. ಅವರ ಮಾತು ನಿಜ. ಹಾಗಾದರೆ ಒಡೆದ ಕಾಲು ಇರುವವರನ್ನು ಆ ದಿನ ನಾಟಿಗೆ ಇಳಿಸಬೇಡಿ, ಬದುವಿನ ಮೇಲಿನ ಕೆಲಸ ಕೊಡಿ ಎಂದೆ. ಅವರು ತಲೆಯಾಡಿಸಿದರು. ಜಿಗಣೆಯ ಬಗ್ಗೆ ಇನ್ನೊಂದು ಮಾತನ್ನೂ ಸೇರಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಜಿಗಣೆಯ ಹೊಟ್ಟೆಯಲ್ಲಿ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹಾಯಾಗಿರುತ್ತದೆ. ಅದೇ ರೋಗಿಯ ಗಾಯಕ್ಕೆ ಸೇರಿದರೆ ಕೀವು ಕಟ್ಟಬಹುದು. ಇಲಿಯ ಕಥೆಯೇ ಇನ್ನೊಂದು ಮೈಯಲ್ಲಿ.

ಹಿರಿಯರೊಬ್ಬರು ಕಕ್ಕಡ ತಿಂಗಳ ಹದಿನೆಂಟನೇ ದಿನ ತಿನ್ನುವ ಮದ್ದುಸೊಪ್ಪಿನ ಬಗ್ಗೆ ಕೇಳಿದರು. ಅದನ್ನು ತಿಂದವರಿಗೆ ಮಳೆಗಾಲದ ಜ್ವರ ಬರಲ್ಲ ಅಂತಾರಲ್ಲ? ನಮ್ಮ ಮನೆಯಲ್ಲೂ ಮಾಡುತ್ತೇವೆ ಅಜ್ಜ, ಆ ಸೊಪ್ಪಿನ ನೇರಳೆ ಬಣ್ಣದ ಪಾಯಸ ಇಲ್ಲದೆ ನನಗೆ ಕಕ್ಕಡ ಕಳೆಯುವುದಿಲ್ಲ. ಆದರೆ ಅದನ್ನು ನಂಬಿ ಜ್ವರ ಬಂದಾಗ ಮನೆಯಲ್ಲಿ ಕೂರಬೇಡಿ ಎಂದೆ.

ಕೊನೆಗೆ ಶುಂಠಿ ತಂದ ಅಣ್ಣ ಎದ್ದು ನಿಂತರು. ಅಷ್ಟು ಹೊತ್ತಿಗೆ ಲೋಟದ ನೀರು ಪೂರ್ತಿ ಮಬ್ಬಾಗಿತ್ತು. ರೋಗ ಬಂದ ಪಟ್ಟೆಯ ನೀರು ಕೆಳಗಿನ ಪಟ್ಟೆಗೆ ಹರಿಯದ ಹಾಗೆ ಕಾಲುವೆ ತೋಡಬೇಕು, ಗುದ್ದಲಿ ತೊಳೆಯಬೇಕು, ಬರುವ ವರ್ಷ ಬಿತ್ತನೆ ಶುಂಠಿಯನ್ನು ರೋಗ ಇಲ್ಲದ ಗದ್ದೆಯಿಂದ ತರಬೇಕು ಅಂತ ಅವರಿಗೆ ಹೇಳಿದ್ದೆ. ಅವರು ಕೇಳಿದ್ದು ಬೇರೆ. ಈ ಲೋಟದ ನೀರನ್ನು ಈಗ ಎಲ್ಲಿ ಚೆಲ್ಲುತ್ತೀರಿ?

ಸಭಾಂಗಣದ ಹಿಂದಿನ ಚರಂಡಿ ನೇರ ಗದ್ದೆಗೆ ಹೋಗುತ್ತದೆ. ನಾವಿಬ್ಬರೂ ಲೋಟ ಹಿಡಿದುಕೊಂಡು ಅಡುಗೆ ಕೋಣೆಗೆ ಹೋದೆವು. ಟೀ ಕಾಯಿಸುತ್ತಿದ್ದವರನ್ನು ಕೇಳಿ ಒಂದು ಹಳೇ ಡಬ್ಬಿ ತೆಗೆದುಕೊಂಡೆವು. ನೀರು, ಲೋಟ, ದಂಟು ಎಲ್ಲವನ್ನೂ ಅದರಲ್ಲಿ ಹಾಕಿ ಚೆನ್ನಾಗಿ ಕುದಿಸಿದೆವು.